‘ಅಥವಾ’ ಬಿಗಿಯಾಗುವ ಲೆಕ್ಕ: ಪೆನ್ಸಿಲ್ ಹಿಡಿದು ಮಾಡುವ ಬಗೆ

ಶಬ್ದಾರ್ಥಶಾಸ್ತ್ರ ಕಲಿಯಲು ಬರುವವರ ಮುಂದೆ ನಾನು ಮೊದಲು ಇಡುವ ವಾಕ್ಯ ಇದು: ‘ಸವಿತಾ ಪತ್ರ ಬರೆದಿದ್ದಾಳೆ ಅಥವಾ ಫೋನ್ ಮಾಡಿದ್ದಾಳೆ.’ ಇದನ್ನು ಕೇಳಿ ನಿಮಗೆ ಏನೇನು ತಿಳಿಯಿತೋ ಒಂದರ ಕೆಳಗೊಂದು ಬರೆಯಿರಿ ಎಂದರೆ ಹೆಚ್ಚಿನವರು ಮೂರು ಸಾಲು ಬರೆಯುತ್ತಾರೆ. ಎರಡರಲ್ಲಿ ಒಂದಾದರೂ ನಡೆದಿದೆ. ಎರಡೂ ಒಟ್ಟಿಗೆ ನಡೆದಿರಲಿಕ್ಕಿಲ್ಲ. ಯಾವುದು ನಡೆಯಿತೆಂದು ಹೇಳುವವರಿಗೇ ಸರಿಯಾಗಿ ಗೊತ್ತಿಲ್ಲ.

ಇವುಗಳಲ್ಲಿ ಮೊದಲನೆಯದಷ್ಟೇ ಆ ಪದದ ಸ್ವಂತ ಆಸ್ತಿ. ಉಳಿದೆರಡು ಮೇಲಿಂದ ಬಂದು ಸೇರಿಕೊಂಡವು. ಅವು ಬಂದ ದಾರಿಯನ್ನು ಕಾಗದದ ಮೇಲೆ ಹಂತ ಹಂತವಾಗಿ ತೆಗೆದು ತೋರಿಸಬಹುದು. ಹಾಗೆ ತೆಗೆಯುವುದು ಹೇಗೆಂದು ಇಲ್ಲಿ ಬರೆಯುತ್ತಿದ್ದೇನೆ. ತರ್ಕದ ಸತ್ಯಕೋಷ್ಟಕ, ಅಂದರೆ ಭಾಗಗಳು ನಿಜ ಅಥವಾ ಸುಳ್ಳಾದಾಗ ಇಡೀ ವಾಕ್ಯ ಏನಾಗುತ್ತದೆಂದು ತೋರಿಸುವ ಪಟ್ಟಿ, ಗೊತ್ತಿದ್ದರೆ ಸಾಕು. ಪೆನ್ಸಿಲ್ ಬೇಕು, ರಬ್ಬರ್ ಅದಕ್ಕಿಂತ ಹೆಚ್ಚು ಬೇಕು. ಪದದ ಸ್ವಂತ ಅರ್ಥವನ್ನು ‘ಸಡಿಲ ಅರ್ಥ’ ಎಂದೂ, ಸೇರ್ಪಡೆಗಳೆಲ್ಲ ಕೂಡಿದ ಮೇಲೆ ಕಿವಿಗೆ ಬೀಳುವುದನ್ನು ‘ಬಿಗಿ ಅರ್ಥ’ ಎಂದೂ ಕರೆಯುತ್ತೇನೆ.

ಪದಕ್ಕೆ ಎರಡು ಅರ್ಥ ಕೊಡುವ ಆಸೆ ಬಿಡಿ

ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಕೆಂಪು ಗೆರೆ ಎಳೆಯುವುದು ಈ ಮಾತಿನ ಕೆಳಗೆ: ‘ಅಥವಾ ಪದಕ್ಕೆ ಎರಡು ಅರ್ಥಗಳಿವೆ, ಒಂದು ಎರಡನ್ನೂ ಒಳಗೊಳ್ಳುವುದು, ಇನ್ನೊಂದು ಒಂದನ್ನೇ ಆರಿಸುವುದು.’ ಓದಲು ಚೆನ್ನಾಗಿದೆ, ಲೆಕ್ಕಕ್ಕೆ ನಿಲ್ಲುವುದಿಲ್ಲ. ‘ಒಂದೇ ನಿಜ’ ಎಂಬುದು ನಿಜಕ್ಕೂ ಪದದ ಅರ್ಥವಾಗಿದ್ದರೆ ಮೂರು ಭಾಗಗಳ ವಾಕ್ಯದಲ್ಲಿ ಏನಾಗಬೇಕು ನೋಡಿ. ‘ಸವಿತಾ ಪತ್ರ ಬರೆದಿದ್ದಾಳೆ, ಫೋನ್ ಮಾಡಿದ್ದಾಳೆ ಅಥವಾ ಖುದ್ದಾಗಿ ಬಂದಿದ್ದಾಳೆ.’ ಮೂರೂ ನಡೆದಿವೆ ಎಂದಿಟ್ಟುಕೊಳ್ಳಿ. ಮೊದಲೆರಡಕ್ಕೆ ಆ ಕಟ್ಟುನಿಟ್ಟಿನ ‘ಅಥವಾ’ ಹಾಕಿದರೆ, ಎರಡೂ ನಿಜವಾದ್ದರಿಂದ ಫಲ ಸುಳ್ಳು. ಆ ಸುಳ್ಳಿನ ಜೊತೆಗೆ ನಿಜವಾದ ಮೂರನೆಯದನ್ನು ಅದೇ ಕಟ್ಟುನಿಟ್ಟಿನಿಂದ ಸೇರಿಸಿದರೆ ಫಲ ನಿಜ! ಎರಡು ನಡೆದಾಗ ಸುಳ್ಳು, ಮೂರು ನಡೆದಾಗ ನಿಜ. ಇಂಥ ಅರ್ಥವಿರುವ ಸಮುಚ್ಚಯ ಪದವನ್ನು ಯಾವ ಮಾತುಗಾರನೂ ಬಳಸುವುದಿಲ್ಲ.

ಇನ್ನೊಂದು ಪರೀಕ್ಷೆ ‘-ರೆ’ ವಾಕ್ಯ. ‘ಸವಿತಾ ಪತ್ರ ಬರೆದರೆ ಅಥವಾ ಫೋನ್ ಮಾಡಿದರೆ ನನಗೆ ತಿಳಿಸು.’ ಅವಳು ಎರಡನ್ನೂ ಮಾಡಿದಳು. ನೀವು ಸುಮ್ಮನಿರುತ್ತೀರಾ? ‘ಎರಡನ್ನೂ ಮಾಡಿಬಿಟ್ಟಳಲ್ಲ, ಹಾಗಾಗಿ ನಿನ್ನ ಮಾತು ಇದಕ್ಕೆ ತಾಗಲಿಲ್ಲ’ ಎಂದು ಸಮಜಾಯಿಷಿ ಕೊಟ್ಟವನಿಗೆ ಬೈಗುಳ ಖಂಡಿತ. ಬಿಗಿ ಅರ್ಥ ಇಲ್ಲಿ ಕಳಚಿ ಬೀಳುತ್ತದೆ, ಸಡಿಲ ಅರ್ಥ ಉಳಿಯುತ್ತದೆ. ಪದದಲ್ಲೇ ಇದ್ದ ಅರ್ಥ ಹೀಗೆ ಜಾಗ ನೋಡಿಕೊಂಡು ಬಿದ್ದುಹೋಗುವುದಿಲ್ಲ. ಲೆಕ್ಕದಿಂದ ಬಂದ ಅರ್ಥ ಮಾತ್ರ ಹಾಗೆ ಮಾಡುತ್ತದೆ.

ಪಠ್ಯಪುಸ್ತಕಗಳು ಈ ಕೆಲಸಕ್ಕೆ ನಿಷೇಧವನ್ನು, ಅಂದರೆ ‘ಇಲ್ಲ’ ಎನ್ನುವ ವಾಕ್ಯವನ್ನು, ಬಳಸುತ್ತವೆ. ಕನ್ನಡದಲ್ಲಿ ಅದನ್ನು ಹಾಗೇ ನಕಲು ಮಾಡಬೇಡಿ. ‘ಸವಿತಾ ಅಥವಾ ರವಿ ಬಂದಿಲ್ಲ’ ಎಂದರೆ ನನ್ನ ಕಿವಿಗೆ ಮೊದಲು ಕೇಳಿಸುವುದು ‘ಇಬ್ಬರಲ್ಲಿ ಯಾರೋ ಒಬ್ಬರು ಬಂದಿಲ್ಲ’ ಎಂದು. ‘ಇಬ್ಬರೂ ಬಂದಿಲ್ಲ’ ಎನ್ನಬೇಕಾದರೆ ನಾವು ‘ಸವಿತಾ ಆಗಲಿ ರವಿ ಆಗಲಿ ಬಂದಿಲ್ಲ’ ಎನ್ನುತ್ತೇವೆ. ಅಂದರೆ ನಮ್ಮ ‘ಅಥವಾ’ ನಿಷೇಧದ ಕೆಳಗೆ ಕೂರಲು ಒಪ್ಪದೆ ಮೇಲೇರಿಬಿಡುತ್ತದೆ. ಹಂಗೇರಿಯನ್ ಭಾಷೆಯಲ್ಲೂ ಹೀಗೆಂದು ಅನ್ನಾ ಸಾಬೊಲ್ಚಿ 2002ರಲ್ಲಿ ತೋರಿಸಿದರು. ಜಪಾನಿ ಭಾಷೆಯ ‘ಕ’ ಕೂಡ ಇದೇ ಜಾತಿ. ಅಲ್ಲಿನ ಪುಟ್ಟ ಮಕ್ಕಳು ಮಾತ್ರ ಅದನ್ನು ‘ಎರಡೂ ಇಲ್ಲ’ ಎಂದೇ ಅರ್ಥಮಾಡಿಕೊಳ್ಳುತ್ತಾರೆ ಎಂದು ಗೋರೊ ಮತ್ತು ಅಕಿಬಾ 2004ರಲ್ಲಿ ವರದಿ ಮಾಡಿದರು. ಆದ್ದರಿಂದ ಕನ್ನಡದ ವಾಕ್ಯಗಳಿಗೆ ‘-ರೆ’ ಪರೀಕ್ಷೆಯನ್ನೇ ಬಳಸಿ. ನಿಷೇಧ ಬೇಕೇ ಬೇಕು ಎನಿಸಿದರೆ ‘ಆಗಲಿ’ ಹಾಕಿ.

ಉದಾಹರಣೆ ಆರಿಸುವಾಗ

‘ಬೀಗದ ಕೈ ಚೀಲದಲ್ಲಿದೆ ಅಥವಾ ಮೇಜಿನ ಮೇಲಿದೆ.’ ಇಂಥ ವಾಕ್ಯ ತಂದವರನ್ನು ನಾನು ವಾಪಸ್ ಕಳಿಸುತ್ತೇನೆ. ಒಂದು ಬೀಗದ ಕೈ ಎರಡು ಕಡೆ ಇರಲಾರದು. ಇಲ್ಲಿ ‘ಎರಡೂ ಅಲ್ಲ’ ಎಂಬ ತಿಳಿವಳಿಕೆ ಜಗತ್ತಿನಿಂದ ಬಂದದ್ದು, ಭಾಷೆಗೆ ಅದರ ಪುಣ್ಯ ಸೇರುವುದಿಲ್ಲ. ಎರಡೂ ಆರಾಮಾಗಿ ಒಟ್ಟಿಗೆ ನಡೆಯಬಹುದಾದ ಸಂಗತಿಗಳನ್ನೇ ಆರಿಸಿ.

ಪರ್ಯಾಯಗಳ ಪಟ್ಟಿ

ಲೆಕ್ಕದ ಜೀವ ಇರುವುದು ಇಲ್ಲಿ. ಮಾತು ಬಿಗಿಯಾಗುವುದು ಆಡಿದ್ದರಿಂದಲ್ಲ, ಆಡಬಹುದಾಗಿದ್ದೂ ಆಡದೆ ಬಿಟ್ಟಿದ್ದರಿಂದ. ‘ನಿಮ್ಮ ಮಕ್ಕಳಲ್ಲಿ ಕೆಲವರನ್ನು ಕಂಡೆ’ ಎಂದರೆ ಎಲ್ಲರನ್ನೂ ಕಂಡಿಲ್ಲ ಎಂದು ಕೇಳುಗ ಊಹಿಸುವುದು ನ್ಯಾಯವೇ, ಆದರೆ ‘ಕೆಲವರು’ ಎಂಬ ಪದದ ಅರ್ಥ ಅದಲ್ಲ ಎಂದು ಜಾನ್ ಸ್ಟುವರ್ಟ್ ಮಿಲ್ 1865ರಲ್ಲೇ ಗುರುತಿಸಿದ್ದರು. ಪಾಲ್ ಗ್ರೈಸ್ 1967ರಲ್ಲಿ ಹಾರ್ವರ್ಡ್‌ನಲ್ಲಿ ಕೊಟ್ಟ ಉಪನ್ಯಾಸಗಳಲ್ಲಿ ಇದಕ್ಕೊಂದು ಚೌಕಟ್ಟು ಹಾಕಿದರು: ಸಹಕಾರದಿಂದ ಮಾತಾಡುವವರು ಬೇಕಾದಷ್ಟು ಹೇಳುತ್ತಾರೆ, ಆಧಾರವಿಲ್ಲದ್ದನ್ನು ಹೇಳುವುದಿಲ್ಲ. 1972ರಲ್ಲಿ ಲಾರೆನ್ಸ್ ಹಾರ್ನ್ ತಮ್ಮ ಪ್ರಬಂಧದಲ್ಲಿ ಪದಗಳನ್ನು ಬಲದ ಪ್ರಕಾರ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದರು; ಹೆಚ್ಚು ತಿಳಿಸುವುದು ಬಲವಾದದ್ದು. ‘ಕೆಲವು’ ಕೆಳಗೆ, ‘ಎಲ್ಲ’ ಮೇಲೆ. ‘ಅಥವಾ’ ಕೆಳಗೆ, ‘ಮತ್ತು’ ಮೇಲೆ.

ಪತ್ರ ಬರೆದದ್ದನ್ನು ‘ಪ’ ಎಂದೂ ಫೋನ್ ಮಾಡಿದ್ದನ್ನು ‘ಫ’ ಎಂದೂ ಗುರುತಿಸಿಕೊಳ್ಳಿ. ಹಾರ್ನ್ ಮೆಟ್ಟಿಲಿನಿಂದ ಸಿಗುವುದು ಒಂದೇ ಪರ್ಯಾಯ: ‘ಪ ಮತ್ತು ಫ’. ಇಷ್ಟೇ ಇಟ್ಟುಕೊಂಡರೆ ‘ಎರಡೂ ಅಲ್ಲ’ ಸಿಗುತ್ತದೆ, ‘ಹೇಳುವವರಿಗೆ ಗೊತ್ತಿಲ್ಲ’ ಸಿಗುವುದಿಲ್ಲ. ಅದಕ್ಕೆ ಊಲಿ ಸೌವರ್‌ಲಾಂಡ್ 2004ರ ತಮ್ಮ ಲೇಖನದಲ್ಲಿ ಬಿಡಿ ಭಾಗಗಳನ್ನೂ ಪಟ್ಟಿಗೆ ಸೇರಿಸಿದರು. ಹಾಗಾಗಿ ನಿಮ್ಮ ಕಾಗದದ ಎಡಗಡೆ ನಾಲ್ಕು ಸಾಲು ಇರಬೇಕು: ‘ಪ ಅಥವಾ ಫ’, ‘ಪ’, ‘ಫ’, ‘ಪ ಮತ್ತು ಫ’. ನಾಲ್ಕಕ್ಕೆ ಒಂದೂ ಕಡಿಮೆ ಬೇಡ.

ಹೆಚ್ಚೂ ಬೇಡ. ಚುರುಕಾದವರು ಇಲ್ಲಿ ಕೈಯೆತ್ತಿ ಕೇಳುತ್ತಾರೆ: ‘ಒಂದು ಮಾತ್ರ, ಎರಡೂ ಅಲ್ಲ’ ಎಂಬುದೂ ಆಡಬಹುದಾಗಿದ್ದ ಬಲವಾದ ಮಾತೇ ತಾನೆ, ಅದನ್ನೇಕೆ ಪಟ್ಟಿಯಲ್ಲಿ ಇಡಬಾರದು? ಇಟ್ಟು ನೋಡಿ. ‘ಎರಡೂ’ ಅಲ್ಲ, ‘ಒಂದು ಮಾತ್ರ’ವೂ ಅಲ್ಲ ಎಂದರೆ ಮೂಲ ವಾಕ್ಯಕ್ಕೇ ಉಳಿಗಾಲವಿಲ್ಲ. ಎರಡರಲ್ಲಿ ಯಾವುದನ್ನು ಕೈಬಿಡಬೇಕೆಂದು ತೀರ್ಮಾನಿಸಲಾಗದೆ ಲೆಕ್ಕ ಅಲ್ಲೇ ನಿಲ್ಲುತ್ತದೆ. ಇದಕ್ಕೆ ಸಿಮೆಟ್ರಿ ಸಮಸ್ಯೆ ಎನ್ನುತ್ತಾರೆ. ರೋನಿ ಕಟ್ಸೀರ್ 2007ರಲ್ಲಿ ಕೊಟ್ಟ ಪರಿಹಾರ ನನಗೆ ಹಿಡಿಸಿದೆ: ಆಡಿದ ವಾಕ್ಯದಲ್ಲಿ ಪದ ಬದಲಿಸಿ ಅಥವಾ ಭಾಗ ಕಿತ್ತುಹಾಕಿ ಸಿಗುವವಷ್ಟೇ ಪರ್ಯಾಯಗಳು, ಆಡಿದ್ದಕ್ಕಿಂತ ಜಟಿಲವಾದ ರಚನೆಗೆ ಪ್ರವೇಶವಿಲ್ಲ. ‘ಒಂದು ಮಾತ್ರ, ಎರಡೂ ಅಲ್ಲ’ ಎನ್ನಲು ಹೊಸದಾಗಿ ನಿಷೇಧ ಸೇರಿಸಬೇಕು. ಆದ್ದರಿಂದ ಹೊರಗೆ.

ಎರಡು ಹೆಜ್ಜೆಯ ಲೆಕ್ಕ

ಮೊದಲ ಹೆಜ್ಜೆ. ಆಡಿದ ವಾಕ್ಯಕ್ಕಿಂತ ಬಲವಾದ ಪ್ರತಿ ಪರ್ಯಾಯದ ಮುಂದೆ ‘ಇದು ನಿಜವೆಂಬ ಖಾತರಿ ಹೇಳುವವರಿಗಿಲ್ಲ’ ಎಂದು ಬರೆಯಿರಿ. ಪ ಖಾತರಿಯಿಲ್ಲ. ಫ ಖಾತರಿಯಿಲ್ಲ. ‘ಪ ಮತ್ತು ಫ’ ಖಾತರಿಯಿಲ್ಲ. ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು. ಇಲ್ಲಿ ಅವಸರಪಟ್ಟು ‘ಸುಳ್ಳು’ ಎಂದು ಬರೆಯಬೇಡಿ. ‘ಖಾತರಿಯಿಲ್ಲ’ ಬೇರೆ, ‘ಸುಳ್ಳೆಂದು ಗೊತ್ತು’ ಬೇರೆ. ವಿದ್ಯಾರ್ಥಿಗಳ ಲೆಕ್ಕ ಎಡವಟ್ಟಾಗುವುದು ಹೆಚ್ಚಾಗಿ ಈ ಗೆರೆಯ ಮೇಲೆ.

ಎರಡನೆಯ ಹೆಜ್ಜೆ. ಹೇಳುವವರು ವಿಷಯ ಬಲ್ಲವರು ಎಂದುಕೊಳ್ಳಿ. ಹಾಗಿದ್ದರೆ ‘ಖಾತರಿಯಿಲ್ಲ’ ಎಂಬುದನ್ನು ‘ಸುಳ್ಳೆಂದು ಗೊತ್ತು’ ಎಂಬುದಕ್ಕೆ ಏರಿಸಬಹುದು, ಈಗಾಗಲೇ ಬರೆದದ್ದಕ್ಕೆ ತಿಕ್ಕಾಟ ಬರದಿದ್ದರೆ ಮಾತ್ರ. ‘ಪ ಮತ್ತು ಫ’ ಏರಿಸಿ ನೋಡಿ. ತಿಕ್ಕಾಟವಿಲ್ಲ, ಏರಿತು. ಸಿಕ್ಕಿತು ‘ಎರಡೂ ಅಲ್ಲ’. ಈಗ ‘ಪ’ ಏರಿಸಿ. ಪ ಸುಳ್ಳೆಂದು ಅವರಿಗೆ ಗೊತ್ತು, ‘ಪ ಅಥವಾ ಫ’ ನಿಜವೆಂದೂ ಗೊತ್ತು, ಅಂದಮೇಲೆ ಫ ನಿಜವೆಂದು ಗೊತ್ತಿರಲೇಬೇಕು. ಆದರೆ ಮೊದಲ ಹೆಜ್ಜೆಯಲ್ಲಿ ‘ಫ ಖಾತರಿಯಿಲ್ಲ’ ಎಂದು ಬರೆದಿದ್ದೇವೆ. ತಿಕ್ಕಾಟ. ಪ ಏರುವುದಿಲ್ಲ. ಅದೇ ಕಾರಣಕ್ಕೆ ಫ ಕೂಡ ಏರುವುದಿಲ್ಲ. ಅವೆರಡೂ ‘ಖಾತರಿಯಿಲ್ಲ’ ಮಟ್ಟದಲ್ಲೇ ಉಳಿಯುತ್ತವೆ. ಅದೇ ‘ಯಾವುದೆಂದು ಗೊತ್ತಿಲ್ಲ’ ಎಂಬ ಮೂರನೇ ಸಾಲು.

ಎರಡು ಸೂಚ್ಯಾರ್ಥಗಳೂ ಒಂದೇ ಲೆಕ್ಕದಿಂದ ಹೊರಬಂದವು. ಒಂದು ಕೊನೆಯ ಮೆಟ್ಟಿಲು ಹತ್ತಿತು, ಇನ್ನೊಂದು ನಡುವೆ ಸಿಕ್ಕಿಕೊಂಡಿತು. ಈ ಭಾಗವನ್ನು ಬೋರ್ಡಿನ ಮೇಲೆ ಬಿಡಿಸುವುದರಲ್ಲಿ ನನಗೆ ಇವತ್ತಿಗೂ ಬೇಸರವಿಲ್ಲ.

ಇಲ್ಲಿ ‘-ಓ’ ಬಗ್ಗೆ ಒಂದು ಎಚ್ಚರಿಕೆ. ಬಹುಮಾನ ಬಚ್ಚಿಟ್ಟವನೇ ಆಟಕ್ಕಾಗಿ ‘ಬಹುಮಾನ ತೋಟದಲ್ಲಿದೆ ಅಥವಾ ಅಟ್ಟದಲ್ಲಿದೆ’ ಎನ್ನಬಹುದು, ಎಲ್ಲಿದೆ ಎಂದು ಗೊತ್ತಿದ್ದೂ ಹೇಳುತ್ತಿಲ್ಲ ಅಷ್ಟೇ. ಈ ಸನ್ನಿವೇಶ ಗ್ರೈಸ್ ಅವರದೇ. ಸಹಕಾರದ ನಿಯಮ ಅಮಾನತಾದಾಗ ‘ಗೊತ್ತಿಲ್ಲ’ ಎಂಬ ಸೂಚನೆ ಹಾರಿಹೋಗುತ್ತದೆ. ಅದೇ ಮನುಷ್ಯ ‘ತೋಟದಲ್ಲೋ ಅಟ್ಟದಲ್ಲೋ ಇದೆ’ ಎಂದರೆ? ನನ್ನ ಕಿವಿಗೆ ಅದು ನಾಟಕದ ಮಾತು. ‘-ಓ’ ಹಾಕಿದ ಮೇಲೆ ‘ನನಗೇ ಖಚಿತವಿಲ್ಲ’ ಎಂಬುದು ಸುಲಭಕ್ಕೆ ಅಳಿಯುವುದಿಲ್ಲ. ‘ಯಾರೋ’, ‘ಎಲ್ಲೋ’, ‘ಏನೋ’ಗಳಲ್ಲಿರುವುದೂ ಇದೇ ‘-ಓ’. ದ್ರಾವಿಡ ಭಾಷೆಗಳಲ್ಲಿ ಪ್ರಶ್ನೆಗೂ ವಿಕಲ್ಪಕ್ಕೂ (‘ಇದೋ ಅದೋ’ ಎಂಬ ಆಯ್ಕೆಗೂ) ಇರುವ ಈ ನಂಟನ್ನು ಮಲಯಾಳಂ ಇಟ್ಟುಕೊಂಡು ಕೆ. ಎ. ಜಯಶೀಲನ್ 2001ರಲ್ಲಿ, ಕನ್ನಡ ಇಟ್ಟುಕೊಂಡು ಆರ್. ಅಮೃತವಲ್ಲಿ 2003ರಲ್ಲಿ ಬಿಡಿಸಿದ್ದಾರೆ. ಅಭ್ಯಾಸಕ್ಕೆ ‘ಅಥವಾ’ ಹಿಡಿಯಿರಿ, ‘-ಓ’ ಆಮೇಲೆ.

ಕಾಣದ ‘ಮಾತ್ರ’

ಮೇಲಿನ ಲೆಕ್ಕವೆಲ್ಲ ಮಾತಾಡುವವರ ಮನಸ್ಸಿನ ಬಗ್ಗೆ. ವಾಕ್ಯ ಪೂರ್ತಿಯಾದ ಮೇಲೆ ಅವರೇನು ಬಲ್ಲರು, ಏನನ್ನು ಬಿಟ್ಟರು ಎಂದು ಯೋಚಿಸಿದೆವು. ಆದರೆ ಕೆಲವು ಕಡೆ ವಾಕ್ಯ ಮುಗಿಯುವ ಮುಂಚೆಯೇ, ಅದರ ಒಂದು ತುಂಡಿನೊಳಗೇ, ಅರ್ಥ ಬಿಗಿಯಾಗಿರುತ್ತದೆ.

‘ಅವಳು ಏಷ್ಯಾದಲ್ಲಿದ್ದಾಳೆ ಅಥವಾ ಜಪಾನಿನಲ್ಲಿದ್ದಾಳೆ.’ ಕೇಳಲು ಕಸಿವಿಸಿ. ಒಂದು ಭಾಗ ಇನ್ನೊಂದರ ಹೊಟ್ಟೆಯೊಳಗೇ ಇದ್ದರೆ ‘ಅಥವಾ’ ಒಗ್ಗುವುದಿಲ್ಲ. ಇದನ್ನು ಗಮನಿಸಿದವರು ಜೇಮ್ಸ್ ಹರ್ಫೋರ್ಡ್, 1974ರಲ್ಲಿ. ಈಗ ಇದನ್ನು ನೋಡಿ: ‘ಪತ್ರ ಬರೆದಿದ್ದಾಳೆ ಅಥವಾ ಫೋನ್ ಮಾಡಿದ್ದಾಳೆ, ಇಲ್ಲವೇ ಎರಡನ್ನೂ ಮಾಡಿದ್ದಾಳೆ.’ ಸಡಿಲ ಅರ್ಥದ ಪ್ರಕಾರ ‘ಎರಡೂ’ ಎಂಬುದು ‘ಪ ಅಥವಾ ಫ’ದ ಹೊಟ್ಟೆಯೊಳಗೇ ಇದೆ. ಆದರೂ ಕಸಿವಿಸಿಯಿಲ್ಲ. ಏಕೆಂದರೆ ಮೊದಲ ತುಂಡು ಅಲ್ಲೇ, ಒಳಗೇ, ‘ಒಂದು ಮಾತ್ರ’ ಎಂದು ಬಿಗಿಯಾಗಿದೆ. ಕಿಯೆರ್ಕಿಯಾ, ಫಾಕ್ಸ್, ಸ್ಪೆಕ್ಟರ್ ಮೂವರೂ 2012ರ ಬರಹದಲ್ಲಿ ಇಂಥ ವಾಕ್ಯಗಳ ಮೇಲೇ ವಾದ ಕಟ್ಟಿದರು: ವ್ಯಾಕರಣದಲ್ಲೇ ಉಚ್ಚಾರವಿಲ್ಲದ ಒಂದು ‘ಮಾತ್ರ’ ಇದೆ, ಅದು ವಾಕ್ಯದ ಒಳತುಂಡುಗಳ ಮೇಲೂ ಕೂರಬಲ್ಲದು.

ಈ ‘ಮಾತ್ರ’ ಬಳಸುವ ಕ್ರಮವನ್ನು ಡ್ಯಾನಿ ಫಾಕ್ಸ್ 2007ರಲ್ಲಿ ಕೊಟ್ಟರು. ಪರ್ಯಾಯಗಳಲ್ಲಿ ಯಾವ್ಯಾವುದನ್ನು ಒಟ್ಟಿಗೆ ಸುಳ್ಳೆನ್ನಬಹುದು, ಆಡಿದ ವಾಕ್ಯಕ್ಕೆ ಧಕ್ಕೆಯಾಗದಂತೆ? ಅಂಥ ಗುಂಪುಗಳನ್ನು ಸಾಧ್ಯವಾದಷ್ಟು ದೊಡ್ಡದಾಗಿ ಬರೆಯಿರಿ. ನಮ್ಮ ವಾಕ್ಯಕ್ಕೆ ಎರಡು ಗುಂಪು ಸಿಗುತ್ತವೆ. ಒಂದು: ‘ಪ’, ‘ಪ ಮತ್ತು ಫ’. ಇನ್ನೊಂದು: ‘ಫ’, ‘ಪ ಮತ್ತು ಫ’. ಪ, ಫ ಎರಡನ್ನೂ ಒಂದೇ ಗುಂಪಿಗೆ ಹಾಕಿದರೆ ವಾಕ್ಯವೇ ಸಾಯುತ್ತದೆ. ಎಲ್ಲ ಗುಂಪುಗಳಲ್ಲೂ ಇರುವುದನ್ನು ಮಾತ್ರ ಸುಳ್ಳೆನ್ನಬೇಕು, ಬಾಕಿಯವನ್ನು ಮುಟ್ಟಬಾರದು. ಇಲ್ಲಿ ಅದು ‘ಪ ಮತ್ತು ಫ’ ಒಂದೇ. ಈ ಕ್ರಮಕ್ಕೆ ಇನೊಸೆಂಟ್ ಎಕ್ಸ್‌ಕ್ಲೂಷನ್ ಎಂದು ಹೆಸರು. ಪ ಬಿಟ್ಟು ಫ ಏಕೆ, ಫ ಬಿಟ್ಟು ಪ ಏಕೆ ಎಂಬ ಪಕ್ಷಪಾತಕ್ಕೆ ಎಡೆಯಿಲ್ಲದ ಕ್ರಮ ಎಂದು ತಿಳಿದರಾಯಿತು.

ಅನುಮತಿಯ ವಾಕ್ಯ: ಎರಡು ಸುತ್ತು ಬೇಕು

‘ನೀನು ಕತೆ ಅಥವಾ ನಾಟಕ ಓದಬಹುದು.’ ಇದನ್ನು ಕೇಳಿದವರು ಏನೆಂದುಕೊಳ್ಳುತ್ತಾರೆ? ಕತೆ ಓದಬಹುದು, ನಾಟಕವನ್ನೂ ಓದಬಹುದು, ಆಯ್ಕೆ ನನ್ನದು. ನೋಡಿ, ‘ಅಥವಾ’ ಹಾಕಿದರೂ ಸಿಕ್ಕ ಫಲ ‘ಮತ್ತು’ವಿನದು! ಪ್ರಶ್ನೆಪತ್ರಿಕೆಯಲ್ಲಿ ಎರಡು ಪ್ರಶ್ನೆಗಳ ನಡುವೆ ‘ಅಥವಾ’ ಎಂದು ಅಚ್ಚಾಗಿದ್ದರೆ ಎರಡರಲ್ಲಿ ಯಾವುದಕ್ಕೆ ಉತ್ತರಿಸಿದರೂ ಅಂಕ ಸಿಗುತ್ತದೆ ಎಂದು ಎಲ್ಲರೂ ನಂಬುವುದು ಇದೇ ಬಲದಿಂದ.

ತರ್ಕದವರಿಗೆ ಇದು ತಲೆನೋವು. ಆಲ್ಫ್ ರಾಸ್ 1941ರಲ್ಲೇ ಇದರ ಒಂದು ಮುಖ ತೋರಿಸಿದ್ದರು: ‘ಈ ಕಾಗದವನ್ನು ಅಂಚೆಗೆ ಹಾಕು’ ಎಂಬ ಆಜ್ಞೆಯಿಂದ ‘ಅಂಚೆಗೆ ಹಾಕು ಅಥವಾ ಸುಟ್ಟುಹಾಕು’ ಎಂಬುದು ಹೊರಡುವಂತೆ ಕಾಣುತ್ತದೆ, ಆದರೆ ಯಾರೂ ಒಪ್ಪುವುದಿಲ್ಲ. ಹಾನ್ಸ್ ಕಾಂಪ್ 1973ರಲ್ಲಿ ಅನುಮತಿಯ ರೂಪದಲ್ಲಿ ಇದನ್ನು ಮುಂದಿಟ್ಟರು. ‘ಅನುಮತಿಯ ವಾಕ್ಯದಲ್ಲಿ ಅಥವಾ ಬಂದರೆ ಎರಡಕ್ಕೂ ಅನುಮತಿ’ ಎಂದು ನಿಯಮವನ್ನೇ ಮಾಡಿಬಿಡೋಣ ಎನಿಸುತ್ತದಲ್ಲವೆ? ಮಾಡಿ ನೋಡಿ. ಕತೆ ಓದಬಹುದು. ಅದು ನಿಜವಾದರೆ, ಸಾಮಾನ್ಯ ತರ್ಕದಂತೆ, ಕತೆ ಓದಬಹುದು ಅಥವಾ ಕಿಟಕಿ ಒಡೆಯಬಹುದು ಎಂಬುದೂ ನಿಜ. ಹೊಸ ನಿಯಮ ಹಚ್ಚಿದರೆ ಕಿಟಕಿ ಒಡೆಯಲೂ ಅನುಮತಿ ಸಿಕ್ಕಿತು. ಒಂದಕ್ಕೆ ಒಪ್ಪಿದರೆ ಜಗತ್ತಿನ ಎಲ್ಲಕ್ಕೂ ಒಪ್ಪಿದಂತೆ. ಮೇಲಾಗಿ ‘ನೀನು ಕತೆಯನ್ನಾಗಲಿ ನಾಟಕವನ್ನಾಗಲಿ ಓದುವಂತಿಲ್ಲ’ ಎಂದಾಗ ಎರಡೂ ನಿಷಿದ್ಧ. ನಿಷೇಧದ ಕೆಳಗೆ ಸಡಿಲ ಅರ್ಥ ಮತ್ತೆ ತಲೆಯೆತ್ತಿತು. ಹಾಗಾಗಿ ಇದೂ ಲೆಕ್ಕದಿಂದ ಬಂದ ಅರ್ಥವೇ ಇರಬೇಕು.

ಲೆಕ್ಕ ಹೀಗೆ. ಕತೆಗೆ ‘ಕ’, ನಾಟಕಕ್ಕೆ ‘ನ’. ಪಟ್ಟಿ: ‘ಕ ಅಥವಾ ನ ಓದಬಹುದು’, ‘ಕ ಓದಬಹುದು’, ‘ನ ಓದಬಹುದು’, ‘ಕ ಮತ್ತು ನ ಎರಡನ್ನೂ ಓದಬಹುದು’. ಕಾಣದ ‘ಮಾತ್ರ’ವನ್ನು ಒಮ್ಮೆ ಹಾಕಿ. ಮೊದಲಿನಂತೆಯೇ ಎಲ್ಲ ಗುಂಪುಗಳಲ್ಲೂ ಇರುವುದು ಕೊನೆಯದೊಂದೇ. ಅದು ಸುಳ್ಳಾಯಿತು: ಎರಡನ್ನೂ ಸೇರಿಸಿ ಓದುವಂತಿಲ್ಲ. ಆಯ್ಕೆಯ ಅರ್ಥ ಇನ್ನೂ ಬಂದಿಲ್ಲ.

ಎರಡನೇ ಸುತ್ತಿಗೆ ‘ಮಾತ್ರ’ವನ್ನು ಮತ್ತೆ ಹಾಕಿ. ಈ ಸಲ ಪರ್ಯಾಯಗಳೂ ಹಿಂದಿನ ಸುತ್ತಿನಲ್ಲಿ ಬಿಗಿಯಾಗಿ ಬಂದಿವೆ ಎಂಬುದನ್ನು ಮರೆಯಬೇಡಿ. ‘ಕ ಓದಬಹುದು’ ಎಂಬುದು ಬಿಗಿಯಾಗಿ ‘ಕತೆಗೆ ಮಾತ್ರ ಅನುಮತಿ, ನಾಟಕಕ್ಕೆ ಇಲ್ಲ’ ಎಂದಾಗಿದೆ. ‘ನ ಓದಬಹುದು’ ಎಂಬುದು ‘ನಾಟಕಕ್ಕೆ ಮಾತ್ರ ಅನುಮತಿ, ಕತೆಗೆ ಇಲ್ಲ’ ಎಂದಾಗಿದೆ. ಈಗ ಎರಡನ್ನೂ ಒಟ್ಟಿಗೆ ಸುಳ್ಳೆನ್ನಬಹುದೆ? ಧಾರಾಳವಾಗಿ. ಕತೆಗೆ ಮಾತ್ರ ಎಂಬುದು ಸುಳ್ಳು, ನಾಟಕಕ್ಕೆ ಮಾತ್ರ ಎಂಬುದೂ ಸುಳ್ಳು, ಆದರೆ ಒಂದಕ್ಕಾದರೂ ಅನುಮತಿ ಇದೆ ಎಂದು ಮೂಲ ವಾಕ್ಯ ಹೇಳುತ್ತಿದೆ. ಉಳಿಯುವ ದಾರಿ ಒಂದೇ: ಎರಡಕ್ಕೂ ಅನುಮತಿ ಇದೆ. ಈ ಲೆಕ್ಕವೂ ಫಾಕ್ಸ್ ಅವರ ಅದೇ 2007ರ ಬರಹದ್ದು. ಮೊದಲ ಸಲ ಮಾಡುವಾಗ ಎರಡನೇ ಸುತ್ತಿನ ಪಟ್ಟಿಯನ್ನು ಹೊಸ ಹಾಳೆಯ ಮೇಲೆ ಬರೆಯಿರಿ. ಹಳೆಯ ಪಟ್ಟಿಯ ಪಕ್ಕದಲ್ಲೇ ತುರುಕಿದರೆ ಬಿಗಿಯಾದ ಪರ್ಯಾಯದ ಬದಲು ಸಡಿಲವಾದದ್ದಕ್ಕೆ ಗೆರೆ ಹೊಡೆದುಬಿಡುತ್ತೀರಿ.

ಫಲ ಸರಿ ಬಂದಿದೆಯೇ ಎಂದು ನೋಡಲು ವಾಕ್ಯದ ಬಾಲಕ್ಕೆ ಇದನ್ನು ಅಂಟಿಸಿ: ‘ಕತೆ ಅಥವಾ ನಾಟಕ ಓದಬಹುದು, ಯಾವುದೆಂದು ನನಗೆ ಗೊತ್ತಿಲ್ಲ.’ ಆಯ್ಕೆ ತಟ್ಟನೆ ಮಾಯ. ಇನ್ನು ‘ಎರಡನ್ನೂ ಓದುವಂತಿಲ್ಲ’ ಎಂಬುದು ಎಲ್ಲರಿಗೂ ಕೇಳಿಸುವುದಿಲ್ಲ. ನಿಮಗೆ ಕೇಳಿಸದಿದ್ದರೆ ಆ ಪರ್ಯಾಯವನ್ನು ಪಟ್ಟಿಯಿಂದ ತೆಗೆದು ಲೆಕ್ಕ ಮಾಡಿ, ಆಯ್ಕೆಯ ಅರ್ಥ ಹಾಗೂ ಬರುತ್ತದೆ.

ವೇದವಾಕ್ಯಗಳ ಅರ್ಥ ನಿರ್ಣಯಿಸುವ ಮೀಮಾಂಸೆ ಓದಿದವರು ಇಷ್ಟು ಹೊತ್ತಿಗೆ ‘ವ್ರೀಹಿಭಿರ್ಯಜೇತ’, ‘ಯವೈರ್ಯಜೇತ’ ನೆನೆದಿರುತ್ತಾರೆ. ಅಕ್ಕಿಯಿಂದ ಯಾಗ, ಜವೆಗೋಧಿಯಿಂದ ಯಾಗ ಎಂದು ಎರಡು ವಿಧಿಗಳಿದ್ದು, ಎರಡೂ ಒಂದೇ ಪ್ರಯೋಜನದವಾದ್ದರಿಂದ ವಿಕಲ್ಪ ಒಪ್ಪಬೇಕಾಯಿತು. ಆದರೆ ಒಂದನ್ನು ಹಿಡಿದಾಗ ಇನ್ನೊಂದರ ಪ್ರಾಮಾಣ್ಯ ಕೈಬಿಡಬೇಕಾಗುತ್ತದೆಂದು ವಿಕಲ್ಪಕ್ಕೆ ಎಂಟು ದೋಷ ಎಣಿಸಿದರು. ಅವರು ಎರಡು ವಾಕ್ಯಗಳಿಂದ ಆಯ್ಕೆಗೆ ಬಂದರು, ನಾವು ಒಂದೇ ವಾಕ್ಯದಿಂದ ಎರಡು ಅನುಮತಿಗೆ ಹೋಗುತ್ತಿದ್ದೇವೆ. ಹೋಲಿಕೆ ಇಷ್ಟಕ್ಕೇ ಸಾಕು. ಕಾವ್ಯದ ಸೂಚ್ಯಾರ್ಥವನ್ನು ವಿವರಿಸುವ ಧ್ವನಿ ಸಿದ್ಧಾಂತವನ್ನೂ ಇಲ್ಲಿಗೆ ಎಳೆದು ತರುವವರಿದ್ದಾರೆ, ಅವರಿಗೆ ದೊಡ್ಡ ನಮಸ್ಕಾರ.

‘ಮತ್ತು’ ಪಟ್ಟಿಯಲ್ಲಿ ಇಲ್ಲದಿದ್ದರೆ

ಅನುಮತಿಯ ವಾಕ್ಯದಲ್ಲಿ ಕೊನೆಯ ಪರ್ಯಾಯವನ್ನು ತೆಗೆದರೂ ನಡೆಯಿತು. ಅದೇ ಸಲುಗೆಯನ್ನು ನಮ್ಮ ಮೊದಲ ವಾಕ್ಯಕ್ಕೆ ಕೊಟ್ಟು ನೋಡಿ. ಪಟ್ಟಿಯಲ್ಲಿ ‘ಪ ಅಥವಾ ಫ’, ‘ಪ’, ‘ಫ’ ಮೂರೇ. ಮೊದಲ ಸುತ್ತಿನಲ್ಲಿ ಸುಳ್ಳೆನ್ನಲು ಏನೂ ಇಲ್ಲ. ಎರಡನೇ ಸುತ್ತಿನಲ್ಲಿ ‘ಪ ಮಾತ್ರ’ ಸುಳ್ಳು, ‘ಫ ಮಾತ್ರ’ ಸುಳ್ಳು, ಒಂದಾದರೂ ನಿಜ. ಅಂದರೆ ಎರಡೂ ನಿಜ! ‘ಅಥವಾ’ ಬಿಗಿಯಾಗುತ್ತ ಬಿಗಿಯಾಗುತ್ತ ‘ಮತ್ತು’ವೇ ಆಗಿಬಿಟ್ಟಿತು. ‘ಪ ಮತ್ತು ಫ’ ಪಟ್ಟಿಯಲ್ಲಿದ್ದಾಗ ಮೊದಲ ಸುತ್ತಿನಲ್ಲೇ ಸುಳ್ಳಾಗಿ ಈ ದಾರಿಗೆ ಅಡ್ಡ ನಿಂತಿತ್ತು. ಅನುಮತಿಯ ವಾಕ್ಯದಲ್ಲಿ ಅದು ಅಡ್ಡಿಯಾಗಲಿಲ್ಲ, ಏಕೆಂದರೆ ‘ಎರಡಕ್ಕೂ ಬೇರೆ ಬೇರೆ ಅನುಮತಿ ಇದೆ’ ಎಂಬುದೂ ‘ಎರಡನ್ನೂ ಒಟ್ಟಿಗೆ ಮಾಡಲು ಅನುಮತಿ ಇದೆ’ ಎಂಬುದೂ ಒಂದೇ ಅಲ್ಲ.

ಇದು ಬರಿಯ ಲೆಕ್ಕದ ಚಮತ್ಕಾರ ಎಂದುಕೊಳ್ಳಬೇಡಿ. ಆಸ್ಟ್ರೇಲಿಯಾದ ವಾರ್ಲ್‌ಪಿರಿ ಭಾಷೆಯಲ್ಲಿ ‘ಮನು’ ಎಂಬ ಪದವಿದೆ. ಸಾದಾ ವಾಕ್ಯದಲ್ಲಿ ಅದು ‘ಮತ್ತು’ ಎಂದೇ ಕೇಳಿಸುತ್ತದೆ, ನಿಷೇಧದ ಕೆಳಗೆ ‘ಇದೂ ಇಲ್ಲ ಅದೂ ಇಲ್ಲ’ ಎನ್ನುವ ‘ಅಥವಾ’ದಂತೆ ನಡೆದುಕೊಳ್ಳುತ್ತದೆ. ಮಾರ್ಗಿಟ್ ಬೌಲರ್ 2014ರಲ್ಲಿ ಕೊಟ್ಟ ವಿವರಣೆ ನಾವು ಈಗಷ್ಟೇ ಮಾಡಿದ ಲೆಕ್ಕವೇ: ‘ಮನು’ವಿನ ಸ್ವಂತ ಅರ್ಥ ‘ಅಥವಾ’. ಆದರೆ ಎದುರು ನಿಲ್ಲಲು ಆ ಭಾಷೆಯಲ್ಲಿ ಬೇರೆ ‘ಮತ್ತು’ ಇಲ್ಲ, ಹಾಗಾಗಿ ಅದು ಬಿಗಿದು ‘ಮತ್ತು’ ಆಗುತ್ತದೆ. ಶಾಲೆಗೆ ಸೇರುವ ಮುಂಚಿನ ಹಲವು ಮಕ್ಕಳು ‘ಅಥವಾ’ವನ್ನು ‘ಮತ್ತು’ ಎಂಬಂತೆ ಅರ್ಥಮಾಡಿಕೊಳ್ಳುತ್ತಾರೆ ಎಂಬ ವರದಿಗಳಿಗೂ ರಾಜ್ ಸಿಂಗ್ ಮತ್ತು ಸಂಗಡಿಗರು 2016ರಲ್ಲಿ ಇದೇ ಕಾರಣ ಕೊಟ್ಟರು: ಬಿಡಿ ಭಾಗಗಳು ವಾಕ್ಯದಲ್ಲೇ ಕಣ್ಣೆದುರು ಇವೆ, ‘ಮತ್ತು’ವನ್ನು ನಿಘಂಟಿನಿಂದ ತಂದು ಹೋಲಿಸುವುದು ಮಕ್ಕಳಿಗೆ ಇನ್ನೂ ಒದಗಿಲ್ಲ. 2017ರಲ್ಲಿ ಲಿನ್ ಟಿಯು ಮತ್ತು ಸಂಗಡಿಗರು ಫ್ರೆಂಚ್ ಹಾಗೂ ಜಪಾನಿ ಮಕ್ಕಳಲ್ಲೂ ಇದನ್ನೇ ಕಂಡರು. 2020ರಲ್ಲಿ ಸ್ಕೋರ್ಡೋಸ್ ತಂಡ, ಪ್ರಯೋಗ ನಡೆಸಿದ ರೀತಿಯೇ ಮಕ್ಕಳನ್ನು ಆ ಉತ್ತರಕ್ಕೆ ತಳ್ಳಿರಬಹುದು ಎಂದು ಆಕ್ಷೇಪಿಸಿತು. ಮಕ್ಕಳ ವಿಷಯದಲ್ಲಿ ನಾನು ತೀರ್ಪು ಕೊಡುವುದಿಲ್ಲ. ‘ಮನು’ವಿನ ವಿವರಣೆ ನನಗೆ ಗಟ್ಟಿಯಾಗಿ ಕಾಣುತ್ತದೆ.

‘ಲೇಬೇಕು’ ಮತ್ತು ‘ಪ್ರತಿಯೊಬ್ಬರೂ’

ಇವು ಸುಲಭ. ‘ನೀನು ಕತೆ ಅಥವಾ ನಾಟಕ ಓದಲೇಬೇಕು.’ ಪರ್ಯಾಯಗಳು: ‘ಕ ಓದಲೇಬೇಕು’, ‘ನ ಓದಲೇಬೇಕು’, ‘ಎರಡನ್ನೂ ಓದಲೇಬೇಕು’. ಮೂರನ್ನೂ ಒಟ್ಟಿಗೆ ಸುಳ್ಳೆನ್ನಬಹುದು, ವಾಕ್ಯಕ್ಕೆ ಧಕ್ಕೆಯಿಲ್ಲ. ಕತೆಯೇ ಆಗಬೇಕೆಂದಿಲ್ಲ, ನಾಟಕವೇ ಆಗಬೇಕೆಂದಿಲ್ಲ, ಅಂದಮೇಲೆ ಎರಡಕ್ಕೂ ದಾರಿ ತೆರೆದಿದೆ. ಒಂದೇ ಸುತ್ತಿಗೆ ಆಯ್ಕೆ ಸಿಕ್ಕಿತು. ‘ಪ್ರತಿಯೊಬ್ಬರೂ ಕತೆ ಅಥವಾ ನಾಟಕ ಓದಿದ್ದಾರೆ’ ಎಂಬುದರಲ್ಲೂ ಹೀಗೆಯೇ ಕೆಲವರು ಕತೆ, ಕೆಲವರು ನಾಟಕ ಎಂಬ ಹಂಚಿಕೆ ಬರುತ್ತದೆ. ಹೇಳುವವರಿಗೆ ಏನೂ ಗೊತ್ತಿಲ್ಲ ಎಂಬ ಸೂಚನೆ ಇಲ್ಲಿ ಬರಲೇಬೇಕೆಂದಿಲ್ಲ ಎಂಬುದನ್ನು ಗಮನಿಸಿ. ಆದರೆ ಎಲ್ಲರೂ ಕತೆ ಓದಿದ್ದಾಗಲೂ ಈ ಹಂಚಿಕೆಯ ಅರ್ಥ ಜನರಿಗೆ ಹೊಳೆಯುತ್ತದೆ ಎಂದು ಸರ್ನಿಚ್, ಶೆಮ್ಲಾ ಮತ್ತು ಫಾಕ್ಸ್ 2015ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಅದನ್ನು ಹಿಡಿಯಲು ಒಂದು ಸುತ್ತು ಸಾಲದು.

ಫಲ ಕಿವಿಗೆ ಒಗ್ಗದಿದ್ದರೆ

ಮೊದಲು ಪಟ್ಟಿ ನೋಡಿ. ನಾನು ಕಂಡಂತೆ ತಪ್ಪುಗಳು ಹೆಚ್ಚಾಗಿ ಅಲ್ಲೇ ಇರುತ್ತವೆ, ಲೆಕ್ಕದಲ್ಲಿ ಅಲ್ಲ. ಆಮೇಲೆ ‘ಅಥವಾ’ ಎಷ್ಟು ಮೇಲೆ ಕೂತಿದೆ ನೋಡಿ. ‘ಕತೆ ಅಥವಾ ನಾಟಕ ಓದಬಹುದು’ ಎಂಬಲ್ಲಿ ಅದು ‘ಬಹುದು’ವಿನ ಕೆಳಗಿದೆ. ‘ಕತೆ ಓದಬಹುದು ಅಥವಾ ನಾಟಕ ಓದಬಹುದು’ ಎಂಬಲ್ಲಿ ಮೇಲಿದೆ. ಮೇಲೆ ಕೂತಾಗಲೂ ಆಯ್ಕೆಯ ಅರ್ಥ ನಮಗೆ ಕೇಳಿಸುತ್ತದೆ, ಮೇಲಿನ ಲೆಕ್ಕ ಮಾತ್ರ ಅದನ್ನು ಕೊಡುವುದಿಲ್ಲ: ‘ಎರಡಕ್ಕೂ ಅನುಮತಿ’ ಎಂಬುದೇ ಅಲ್ಲಿ ‘ಮತ್ತು’ವಿನ ಪರ್ಯಾಯ, ಮೊದಲ ಸುತ್ತಿನಲ್ಲೇ ಅದು ಸುಳ್ಳಾಗುತ್ತದೆ. ಇದು ನಿಮ್ಮ ಕೈತಪ್ಪಲ್ಲ, ಸಿದ್ಧಾಂತದ ಕೊರತೆ. ರಬ್ಬರ್ ಕೆಳಗಿಡಿ.

ಕೊರತೆ ಇದೊಂದೇ ಅಲ್ಲ. ‘ಕೆಲವು’ ಬಿಗಿಯಾಗಿ ‘ಎಲ್ಲ ಅಲ್ಲ’ ಆಗಲು ಜನರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ, ಅನುಮತಿಯ ಆಯ್ಕೆಗೆ ಹಾಗೆ ತಡವಾಗುವುದಿಲ್ಲ ಎಂದು ಶೆಮ್ಲಾ ಮತ್ತು ಬಾಟ್ 2014ರಲ್ಲಿ ಅಳೆದರು. ಎರಡು ಸುತ್ತಿನ ಲೆಕ್ಕ ಒಂದು ಸುತ್ತಿನದಕ್ಕಿಂತ ಬೇಗ ಮುಗಿಯುವುದೆಂತು? ಬಾರ್-ಲೆವ್ ಮತ್ತು ಫಾಕ್ಸ್ 2020ರಲ್ಲಿ ಎರಡನೇ ಸುತ್ತನ್ನೇ ಕೈಬಿಟ್ಟು, ಸುಳ್ಳೆನ್ನಲಾಗದ ಪರ್ಯಾಯಗಳನ್ನು ಸಾಧ್ಯವಿದ್ದಲ್ಲಿ ಒಟ್ಟಾಗಿ ನಿಜವೆಂದು ಸೇರಿಸಿಕೊಳ್ಳುವ ಕ್ರಮ ತಂದರು. ಮರಿಯಾ ಅಲೋನಿ 2022ರಲ್ಲಿ ಪರ್ಯಾಯಗಳ ಹಂಗನ್ನೇ ತೊರೆದರು: ಕೇಳುಗರು ವಾಕ್ಯದ ಯಾವ ಭಾಗವನ್ನೂ ಖಾಲಿ ಬಿಟ್ಟು ಯೋಚಿಸುವುದಿಲ್ಲ, ‘ಅಥವಾ’ದ ಎರಡೂ ಬದಿಗೆ ಒಂದೊಂದು ಸಾಧ್ಯತೆಯನ್ನಾದರೂ ಇಟ್ಟುಕೊಳ್ಳುತ್ತಾರೆ, ಆಯ್ಕೆ ಅಲ್ಲಿಂದ ಬರುತ್ತದೆ ಎಂಬುದು ಅವರ ವಾದ. ಮೇಲೆ ಕೂತ ‘ಅಥವಾ’ ಅವರ ಲೆಕ್ಕದಲ್ಲಿ, ಹೇಳುವವರಿಗೆ ನಿಯಮ ಚೆನ್ನಾಗಿ ಗೊತ್ತಿದ್ದ ಪಕ್ಷದಲ್ಲಿ, ಸರಿಯಾಗಿ ಬರುತ್ತದೆ. ನಾನು ತರಗತಿಯಲ್ಲಿ ಈಗಲೂ ಫಾಕ್ಸ್ ದಾರಿಯನ್ನೇ ಮೊದಲು ಕಲಿಸುತ್ತೇನೆ, ಏಕೆಂದರೆ ಅದರಲ್ಲಿ ತಪ್ಪಾದರೆ ಯಾವ ಸಾಲಿನಲ್ಲಿ ತಪ್ಪಿತೆಂದು ಬೆರಳಿಟ್ಟು ತೋರಿಸಬಹುದು. ಅದು ಕೈಗೆ ಹತ್ತಿದ ಮೇಲೆ ಅಲೋನಿಯವರ ಬರಹ ಓದಿ, ಇದೇ ಪತ್ರ–ಫೋನಿನ ವಾಕ್ಯ ಮತ್ತು ಕತೆ–ನಾಟಕದ ವಾಕ್ಯಗಳನ್ನು ಅವರ ಕ್ರಮದಲ್ಲಿ ಬಿಡಿಸಿ ನೋಡಿ.